ನೆಲದಡಿಯ ನಿಲ್ದಾಣಕ್ಕೂ ಬಯಲು ಬೇಕು

ಬೆಂಗಳೂರಿಗೆ ಮೊದಲ ರೈಲು ಬಂದದ್ದು ಪೇಟೆಗಲ್ಲ, ದಂಡಿಗೆ. 1864ರ ಆಗಸ್ಟ್ 1ರಂದು ಮದ್ರಾಸ್ ರೈಲ್ವೆಯವರ ಜೋಲಾರಪೇಟೆ ಮಾರ್ಗ ಶುರುವಾದಾಗ ಈ ತುದಿಯ ಕೊನೆಯ ನಿಲ್ದಾಣ ಕಂಟೋನ್ಮೆಂಟ್. 1809ರಿಂದ ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯದ ಅನುಕೂಲವೇ ಆಗ ಮುಖ್ಯ. ಪೇಟೆಯವರಿಗೆ ಸಿಟಿ ಸ್ಟೇಷನ್ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ದಂಡಿಗೆ ರೈಲು ಬರುವುದಕ್ಕೆ ಒಂದೂವರೆ ವರ್ಷ ಮೊದಲು, 1863ರ ಜನವರಿಯಲ್ಲಿ, ಲಂಡನ್ನಿನಲ್ಲಿ ಜಗತ್ತಿನ ಮೊದಲ ನೆಲದಡಿಯ ರೈಲು ಹೊಗೆ ಉಗುಳುತ್ತಾ ಓಡಾಡಲು ಶುರುಮಾಡಿತ್ತು. ಆ ತಂತ್ರ ನಮ್ಮ ದಂಡಿನ ನೆಲದಡಿಗೆ ಬರಲು ಒಂದೂವರೆ ಶತಮಾನ ಬೇಕಾಯಿತು. ಬಂದಮೇಲಾದರೂ ಹಳೆಯ ಕಂಟೋನ್ಮೆಂಟ್ ರೈಲು ನಿಲ್ದಾಣವೂ ಹೊಸ ಕಂಟೋನ್ಮೆಂಟ್ ಮೆಟ್ರೊ ನಿಲ್ದಾಣವೂ ಒಂದೆಡೆ ಸೇರಿದವೇ? ಇಲ್ಲ. ಎರಡರ ನಡುವೆ ಸುಮಾರು ಒಂದು ಕಿಲೋಮೀಟರ್ ಅಂತರವಿದೆ.

ಮೂಲ ಯೋಜನೆಯಲ್ಲಿ ಹೀಗಿರಲಿಲ್ಲ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ವಿವರವಾದ ಯೋಜನಾ ವರದಿ, ಮೆಟ್ರೊ ನಿಲ್ದಾಣವನ್ನು ರೈಲು ನಿಲ್ದಾಣದ ವಾಹನ ನಿಲುಗಡೆಯ ಜಾಗದಲ್ಲೇ ಗುರುತಿಸಿತ್ತು. ಆಮೇಲೆ ಬೆಂಗಳೂರು ಮೆಟ್ರೊ ನಿಗಮ ಬಿಎಂಆರ್‌ಸಿಎಲ್ ಅದನ್ನು ಬಂಬೂ ಬಜಾರಿನ ಆಟದ ಮೈದಾನಕ್ಕೆ ಸರಿಸಿತು. ಸುರಂಗದ ದಾರಿ ನೇರವಾಗುತ್ತದೆ, ಖರ್ಚೂ ಸಮಯವೂ ಉಳಿಯುತ್ತದೆ ಎನ್ನುವುದು ನಿಗಮದ ವಾದ. ಸೂಟ್‌ಕೇಸು, ಮಕ್ಕಳು, ಮುದುಕರ ಜೊತೆ ಚೆನ್ನೈ ರೈಲಿನಿಂದ ಇಳಿದವರು ಒಂದು ಕಿಲೋಮೀಟರ್ ಹೇಗೆ ಹೋಗಬೇಕು ಎನ್ನುವುದು ಪ್ರಯಾಣಿಕರ ಸಂಘಟನೆಗಳ ಪ್ರಶ್ನೆ. ಇರುವ ಒಂದು ಮೈದಾನವನ್ನೂ ಕಿತ್ತುಕೊಂಡರೆ ಹುಡುಗರು ಎಲ್ಲಿ ಆಡಬೇಕು ಎಂದು ಸುತ್ತಲಿನವರು ಕೇಳಿದರು. ಪ್ರತಿಭಟನೆ, ಮನವಿ, ಪತ್ರಿಕೆಗಳಲ್ಲಿ ಚರ್ಚೆ ಎಲ್ಲ ಆಯಿತು. ಕೊನೆಗೆ ಗುಂಡಿ ಬಿದ್ದದ್ದು ಮೈದಾನದಲ್ಲೇ. ನೂರು ವರ್ಷ ಬಾಳಬೇಕಾದ ಕಟ್ಟಡದ ಜಾಗವನ್ನು ಕಾಮಗಾರಿಯ ನಾಲ್ಕೈದು ವರ್ಷಗಳ ಲೆಕ್ಕ ನೋಡಿ ನಿರ್ಧರಿಸಿದ್ದು ನನಗಂತೂ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ನೆಲದಡಿ ಹೋದರೆ ಮೇಲಿನ ಭೂಮಿಯ ತಂಟೆ ಇರುವುದಿಲ್ಲ ಎನ್ನುವ ನಂಬಿಕೆ ಈ ಊರಿನಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಸತ್ಯ. ಸುರಂಗಕ್ಕೆ ಭೂಮಿ ಬೇಕಿಲ್ಲ. ಕೊರೆಯುವ ಯಂತ್ರ ಮನೆ, ಮಸೀದಿ, ಮಾರುಕಟ್ಟೆಗಳ ತಳದಲ್ಲಿ ಸದ್ದಿಲ್ಲದೆ ಸಾಗಬಲ್ಲದು. ನಿಲ್ದಾಣದ ಕಥೆ ಬೇರೆ. ಅದನ್ನು ಮೇಲಿನಿಂದ ಅಗೆದೇ ಕಟ್ಟಬೇಕು. ಮೊದಲು ಸುತ್ತ ಕಾಂಕ್ರೀಟ್ ಕಂಬಗಳನ್ನು ಒತ್ತೊತ್ತಾಗಿ ಇಳಿಸಿ ಗೋಡೆ ಮಾಡುತ್ತಾರೆ. ಆ ಗೋಡೆಯೊಳಗಿನ ಮಣ್ಣು ತೆಗೆಯುತ್ತಾ, ಬದಿಗಳು ಒಳಕ್ಕೆ ಕುಸಿಯದಂತೆ ಅಡ್ಡ ಉಕ್ಕಿನ ತೊಲೆ ಕೊಡುತ್ತಾ, ಐವತ್ತು ಅರವತ್ತು ಅಡಿ ಇಳಿಯುತ್ತಾರೆ. ಬಂಡೆ ಸಿಕ್ಕರೆ ನಿಯಂತ್ರಿತ ಸ್ಫೋಟ. ತಳ ಸಿಕ್ಕ ಮೇಲೆ ಹಾಸು, ಗೋಡೆ, ನಡುವಿನ ಅಂತಸ್ತು, ಚಾವಣಿ, ಚಾವಣಿಯ ಮೇಲೆ ಮತ್ತೆ ಮಣ್ಣು, ಮಣ್ಣಿನ ಮೇಲೆ ರಸ್ತೆ. ಹೆಚ್ಚು ಕಡಿಮೆ ಲಂಡನ್ನಿನವರು 1863ರಲ್ಲಿ ಮಾಡಿದ ವಿಧಾನವೇ ಇದು. ಕೋಲ್ಕತ್ತದವರು 1972ರಲ್ಲಿ ಅಡಿಗಲ್ಲು ಹಾಕಿ 1984ರಲ್ಲಿ ಮೊದಲ ರೈಲು ಓಡಿಸುವವರೆಗೆ ಪೇಟೆಯ ರಸ್ತೆಗಳನ್ನೇ ಉದ್ದಕ್ಕೂ ಅಗೆದು ಇದೇ ರೀತಿ ಕಟ್ಟಿದ್ದರು. ಈಗ ಸುರಂಗದ ಕೆಲಸ ಯಂತ್ರದ ಪಾಲಾಗಿದೆ, ನಿಲ್ದಾಣದ್ದು ಮಾತ್ರ ಇಂದಿಗೂ ಅಗೆದು ಮುಚ್ಚುವ ಕೆಲಸ.

ಹಾಗಾಗಿ ಎಂಜಿನಿಯರು ಮೊದಲು ಹುಡುಕುವುದು ಬಯಲನ್ನು. ಆರು ಬೋಗಿಯ ರೈಲು ನಿಲ್ಲಬೇಕು. ಒಂದೊಂದು ಬೋಗಿ ಸುಮಾರು 21 ಮೀಟರ್ ಎಂದರೆ ಪ್ಲಾಟ್‌ಫಾರ್ಮಿಗೇ 130 ಮೀಟರ್ ಹತ್ತಿರ ಬೇಕು. ಅದರ ಎರಡೂ ತುದಿಯಲ್ಲಿ ಗಾಳಿಯ ಯಂತ್ರಗಳು, ವಿದ್ಯುತ್ ಕೋಣೆ, ಪಂಪುಗಳು. ಇಷ್ಟುದ್ದದ ಗುಂಡಿ ತೋಡಲು ಶಿವಾಜಿನಗರ, ಟ್ಯಾನರಿ ರಸ್ತೆಗಳಂಥ ಜಾಗದಲ್ಲಿ ಎಲ್ಲಿದೆ ತೆರಪು? ಗುಲಾಬಿ ಮಾರ್ಗದ 12 ನೆಲದಡಿಯ ನಿಲ್ದಾಣಗಳನ್ನು ನಕ್ಷೆಯ ಮೇಲೆ ಗುರುತಿಸಿಕೊಂಡು ನೋಡಿ: ಬಂಬೂ ಬಜಾರಿನಲ್ಲಿ ಮೈದಾನ, ಎಂ.ಜಿ. ರಸ್ತೆಯಲ್ಲಿ ಪರೇಡ್ ಮೈದಾನದ ಮಗ್ಗುಲಿನ ಕಾಮರಾಜ ರಸ್ತೆ, ವೆಲ್ಲಾರ ಜಂಕ್ಷನ್ನಿನಲ್ಲಿ ಮಿಲಿಟರಿ ಶಾಲೆ ಮತ್ತು ಆಲ್ ಸೇಂಟ್ಸ್ ಚರ್ಚಿನ ಆಸುಪಾಸು. ಬ್ರಿಟಿಷರು ಕವಾಯತಿಗೆ, ಪ್ರಾರ್ಥನೆಗೆ, ಆಟಕ್ಕೆ ಬಿಟ್ಟುಹೋದ ಖಾಲಿ ಜಾಗಗಳೇ ಇಲ್ಲಿನ ಮೆಟ್ರೊ ನಿಲ್ದಾಣಗಳಿಗೆ ದಾರಿ ಮಾಡಿಕೊಟ್ಟಿವೆ. ದಂಡು ಪ್ರದೇಶದ ನೆಲದಡಿಯ ನಕ್ಷೆ ಅಂದರೆ ಅದರ ನೆಲದ ಮೇಲಿನ ಒಡೆತನದ ನಕ್ಷೆ.

ಒಡೆಯರೇನೂ ಸುಮ್ಮನೆ ಕೂರಲಿಲ್ಲ. ಸೈನ್ಯದ ಜಾಗಕ್ಕೆ ದೆಹಲಿಯಿಂದ ಅನುಮತಿ ಬರಬೇಕು. ಒಂದೂವರೆ ಶತಮಾನದಷ್ಟು ಹಳೆಯ ಆಲ್ ಸೇಂಟ್ಸ್ ಚರ್ಚಿನ ಅಂಗಳದಲ್ಲಿ ಹಳೆಯ ಮರಗಳಿವೆ. ನಿಲ್ದಾಣದ ಕೆಲಸಕ್ಕೆ ಆ ಅಂಗಳ ಕೊಡಲು ಒಪ್ಪದ ಅಲ್ಲಿನ ಸಭೆಯವರು 2019ರಲ್ಲಿ ತಮ್ಮ ಆಕ್ಷೇಪಣೆಯನ್ನು ಯೂರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರೆಗೂ ಒಯ್ದರು. ಗುಲಾಬಿ ಮಾರ್ಗಕ್ಕೆ 50 ಕೋಟಿ ಯೂರೊ ಸಾಲ ಕೊಡಲು ಒಪ್ಪಿದ್ದು ಆ ಬ್ಯಾಂಕ್. ಸಾಲ ಕೊಟ್ಟವನ ಮನೆಬಾಗಿಲಿಗೇ ಹೋಗಿ ದೂರುವ ಈ ಜಾಣ್ಮೆ ಕೋರ್ಟು ಕಚೇರಿ ಅಲೆದು ಸುಸ್ತಾದ ನಮ್ಮ ಬಡಾವಣೆಗಳಿಗೆ ಹೊಳೆಯದೇ ಹೋದದ್ದು ಸ್ವಲ್ಪ ಬೇಸರದ ವಿಷಯ. ಚರ್ಚಿನ ಪಕ್ಕದ ಆ ನಿಲ್ದಾಣದ ಹೆಸರು ಈಗ ವೆಲ್ಲಾರ ಜಂಕ್ಷನ್ ಅಲ್ಲ, ರಾಷ್ಟ್ರೀಯ ಮಿಲಿಟರಿ ಸ್ಕೂಲ್.

ಕಾಮರಾಜ ರಸ್ತೆಯಲ್ಲಿ ಚರ್ಚೂ ಇರಲಿಲ್ಲ, ಸಂಘವೂ ಇರಲಿಲ್ಲ. ಅದನ್ನು 2019ರ ಜೂನ್‌ನಲ್ಲಿ ಮುಚ್ಚಿದರು. ಅದರ ಒಂದು ಬದಿ ವಾಹನಗಳಿಗೆ ಮತ್ತೆ ತೆರೆದುಕೊಂಡದ್ದು 2024ರಲ್ಲಿ. ನಡುವೆ ಕೊರೊನಾ ಬಂದು ಹೋಯಿತು. ಕಬ್ಬನ್ ರಸ್ತೆಗೂ ಎಂ.ಜಿ. ರಸ್ತೆಗೂ ನಡುವಿನ ಆ ಚಿಕ್ಕ ತುಂಡು ಎಷ್ಟು ಮುಖ್ಯವಾಗಿತ್ತು ಎಂಬುದು ಅದು ಇಲ್ಲದ ಐದು ವರ್ಷ ಶಿವಾಜಿನಗರದ ಬಸ್ಸುಗಳಲ್ಲಿ ಕೂತು ಬೆವರಿದವರಿಗೆ ಗೊತ್ತು.

ಗುಲಾಬಿ ಮಾರ್ಗವನ್ನು ಇಷ್ಟು ಕಷ್ಟಪಟ್ಟು ನೆಲದಡಿಗೆ ಇಳಿಸಿದವರು ಪೂರ್ವ ದಿಕ್ಕಿಗೆ ಮೊದಲು ಹೋದ ನೇರಳೆ ಮಾರ್ಗವನ್ನು ಏಕೆ ಕಂಬದ ಮೇಲೆ ಏರಿಸಿದರು? ದುಡ್ಡಿನ ಕಾರಣಕ್ಕೆ. ನೆಲದಡಿಯ ಒಂದು ಕಿಲೋಮೀಟರಿಗೆ ಎತ್ತರದ ಮಾರ್ಗದ ಎರಡು ಮೂರು ಪಟ್ಟು ಖರ್ಚು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ದಕ್ಷಿಣ ಭಾರತದ ಮೊದಲ ಮೆಟ್ರೊ ಓಡಿತು. ಇಂದಿರಾನಗರ, ಹಲಸೂರು, ಟ್ರಿನಿಟಿ, ಎಲ್ಲವೂ ಗಾಳಿಯಲ್ಲಿ. ಅದಕ್ಕಾಗಿ ಎಂ.ಜಿ. ರಸ್ತೆಯ ಬೋಗನ್‌ವಿಲ್ಲಾ ಹಬ್ಬಿದ ನಡಿಗೆ ಹಾದಿ ಹೋಯಿತು. ಸಿಎಂಎಚ್ ರಸ್ತೆಯ ಅಂಗಡಿಕಾರರು ಮಾರ್ಗವನ್ನು ಹಳೆ ಮದ್ರಾಸು ರಸ್ತೆಗೆ ಹಾಕಿ ಎಂದು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಗೆಲ್ಲಲಿಲ್ಲ. ಕೆ.ಆರ್. ಪುರದ ಕಡೆಗಂತೂ ಕಂಬದ ದಾರಿಗೂ ಅಡ್ಡಿಗಳಿದ್ದವು: ವೈಟ್‌ಫೀಲ್ಡ್–ಕೆ.ಆರ್. ಪುರ ಮಾರ್ಗ 2023ರ ಮಾರ್ಚ್‌ನಲ್ಲೇ ಶುರುವಾದರೂ ಬೆನ್ನಿಗಾನಹಳ್ಳಿಯಲ್ಲಿ ರೈಲು ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸಿ ಬೈಯಪ್ಪನಹಳ್ಳಿಗೆ ಜೋಡಿಸಲು ಅಕ್ಟೋಬರ್ ಬಂತು. ಅಷ್ಟರವರೆಗೆ ಕೆ.ಆರ್. ಪುರದಲ್ಲಿ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೊ.

ಕಂಬದ ನಿಲ್ದಾಣಕ್ಕೂ ನೆಲದಡಿಯ ನಿಲ್ದಾಣಕ್ಕೂ ಇರುವ ವ್ಯತ್ಯಾಸ ನಮ್ಮ ಕಾಲಿಗೇ ತಿಳಿಯುತ್ತದೆ. ಇಂದಿರಾನಗರದಲ್ಲಿ ತಪ್ಪು ಬದಿಗೆ ಹತ್ತಿದಿರಿ ಎಂದುಕೊಳ್ಳಿ. ಕಣ್ಣೆದುರೇ ನಿಮ್ಮ ರೈಲು ಬಂದು ನಿಂತರೂ ಮುಟ್ಟುವ ಹಾಗಿಲ್ಲ. ಮೆಟ್ಟಿಲಿಳಿದು, ದಾಟಿ, ಆ ಕಡೆ ಮೆಟ್ಟಿಲು ಹತ್ತಬೇಕು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಸುಮ್ಮನೆ ಹಿಂದಕ್ಕೆ ತಿರುಗಿದರೆ ಸಾಕು. ಕಾರಣ ಸರಳವಾಗಿದೆ. ಮೇಲೆ ಎರಡೂ ಹಳಿಗಳು ಒಂದೇ ಸಾಲು ಕಂಬದ ಮೇಲೆ ಹೋಗಬೇಕಾದ್ದರಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಪ್ಲಾಟ್‌ಫಾರ್ಮುಗಳು ಹೊರಬದಿಗೆ ಹೋಗುತ್ತವೆ. ಕೆಳಗೆ ಎರಡು ಪ್ರತ್ಯೇಕ ಸುರಂಗಗಳು. ನಡುವೆ ಸಾಕಷ್ಟು ಮಣ್ಣು ಉಳಿಯದಿದ್ದರೆ ಒಂದನ್ನು ಕೊರೆಯುವಾಗ ಇನ್ನೊಂದು ಅಲುಗುತ್ತದೆ. ಆದ್ದರಿಂದ ಅವು ದೂರ ದೂರ ಇರುತ್ತವೆ. ನಿಲ್ದಾಣಕ್ಕೆ ಬಂದಾಗ ಆ ನಡುವಿನ ಜಾಗವೇ ಪ್ಲಾಟ್‌ಫಾರ್ಮ್.

ದಂಡಿನ ಅಂಚಿನ ಮೊದಲ ನೆಲದಡಿಯ ನಿಲ್ದಾಣ ಈ ಕಬ್ಬನ್ ಪಾರ್ಕೇ. ಕಟ್ಟುವಾಗ ಅದಕ್ಕೆ ಮಿನ್ಸ್ಕ್ ಸ್ಕ್ವೇರ್ ಎಂಬ ಹೆಸರಿತ್ತು. 2016ರ ಏಪ್ರಿಲ್ ಕೊನೆಯಲ್ಲಿ ಅಲ್ಲಿಂದ ಮಾಗಡಿ ರಸ್ತೆಯ ಕಡೆಗಿನ 4.8 ಕಿಲೋಮೀಟರ್ ಸುರಂಗ ತೆರೆಯಿತು. ಎಂ.ಜಿ. ರಸ್ತೆಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ರೈಲು ಚಿನ್ನಸ್ವಾಮಿ ಕ್ರೀಡಾಂಗಣದ ಬದಿಯಲ್ಲಿ ಇಳಿಜಾರು ಹಿಡಿದು ಒಳಹೊಕ್ಕುವಾಗ ಈಗಲೂ ಮಕ್ಕಳು ಕಿಟಕಿಗೆ ಮೂಗು ಒತ್ತುತ್ತಾರೆ. ದೊಡ್ಡವರು ಒತ್ತುವುದಿಲ್ಲ, ಆದರೆ ನೋಡುತ್ತಾರೆ.

ಇಳಿಜಾರು ಇಷ್ಟು ಸಲೀಸಾಗಿದ್ದರೂ ಒಳಗಿನ ನೆಲ ಸಲೀಸಾಗಿಲ್ಲ. ಲಾಲ್‌ಬಾಗಿನ ಬಂಡೆಯನ್ನು ಕಂಡವರಿಗೆ ಬೆಂಗಳೂರಿನ ತಳ ಕಲ್ಲು ಎಂದು ಗೊತ್ತು. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಇಡೀ ನೆಲ ಕಲ್ಲಾಗಿದ್ದರೆ ಕೊರೆಯುವವರಿಗೆ ಚಿಂತೆಯಿರುತ್ತಿರಲಿಲ್ಲ. ಲಂಡನ್ನಿನಂತೆ ಇಡೀ ನೆಲ ಜೇಡಿಯಾಗಿದ್ದರೂ ಸರಿಯೇ. ಇಲ್ಲಿ ಕಲ್ಲು ಲಕ್ಷಾಂತರ ವರ್ಷ ನೀರು ಕುಡಿದು ಕೊಳೆತು ಮಣ್ಣಾಗಿದೆ, ಆದರೆ ಎಲ್ಲೆಡೆ ಒಂದೇ ಸಮ ಕೊಳೆತಿಲ್ಲ. ಮೆತ್ತನೆಯ ಮಣ್ಣಿನ ನಡುವೆ ಕೊಳೆಯದೆ ಉಳಿದ ಗುಂಡುಗಳು ಆನೆ ಗಾತ್ರದಲ್ಲಿ ಹೂತಿವೆ. ಸುಮಾರು ಆರೂವರೆ ಮೀಟರ್ ವ್ಯಾಸದ ಕೊರೆಯುವ ಚಕ್ರದ ಮೇಲರ್ಧಕ್ಕೆ ಮಣ್ಣು, ಕೆಳಗರ್ಧಕ್ಕೆ ಬಂಡೆ ಸಿಕ್ಕರೆ, ಬಂಡೆ ಚಕ್ರದ ಹಲ್ಲನ್ನು ಮುರಿಯುತ್ತದೆ, ಮಣ್ಣು ಮೇಲಿನಿಂದ ಬೇಕಾದ್ದಕ್ಕಿಂತ ಹೆಚ್ಚು ಉದುರುತ್ತದೆ. ಹೆಚ್ಚು ಉದುರಿದರೆ ಮೇಲಿನ ರಸ್ತೆಯಲ್ಲಿ ಹೊಂಡ. ಮೊದಲ ಹಂತದಲ್ಲಿ ಚಿಕ್ಕಪೇಟೆ ಕಡೆ ಗೋದಾವರಿ ಎಂಬ ಯಂತ್ರ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡು ನಿಂತದ್ದು ಇದೇ ನೆಲದ ಕಿತಾಪತಿಯಿಂದ.

ಗುಲಾಬಿ ಮಾರ್ಗಕ್ಕೆ ಒಂಬತ್ತು ಯಂತ್ರಗಳನ್ನು ಇಳಿಸಿದರು. ಊರ್ಜಾ, ವಿಂಧ್ಯ, ಅವನಿ, ಲವಿ, ವಾಮಿಕ, ವರದ, ರುದ್ರ, ತುಂಗಾ, ಭದ್ರಾ. ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ ಊರ್ಜಾ ಹೊರಟದ್ದು 2020ರ ಜುಲೈ ಕೊನೆಗೆ. ಅದು 855 ಮೀಟರ್ ಕೊರೆದು ಶಿವಾಜಿನಗರದ ಗುಂಡಿಯ ಗೋಡೆ ಒಡೆದುಕೊಂಡು ಮುಖ ತೋರಿಸಿದ್ದು 2021ರ ಸೆಪ್ಟೆಂಬರ್ 22ರಂದು. ದಿನಕ್ಕೆ ಸರಾಸರಿ ಎರಡು ಮೀಟರ್. ಅಷ್ಟು ದೂರವನ್ನು ಮೇಲೆ ನಡೆದುಹೋದರೆ ಹತ್ತು ಹನ್ನೆರಡು ನಿಮಿಷ ಸಾಕು, ಫುಟ್‌ಪಾತಿನ ಮೇಲೆ ಜಾಗ ಸಿಕ್ಕರೆ. ಅದರ ಜೊತೆಗಾತಿ ವಿಂಧ್ಯ ಪಕ್ಕದ ಸುರಂಗ ಮುಗಿಸಿ ಅಕ್ಟೋಬರ್‌ನಲ್ಲಿ ಬಂದಿತು. ಕೊನೆಯದಾಗಿ ತುಂಗಾ ಕಾಡುಗೊಂಡನಹಳ್ಳಿ ಕಡೆಯಿಂದ ನಾಗವಾರ ತಲುಪಿದ್ದು 2024ರ ಅಕ್ಟೋಬರ್ 30ರಂದು. ಹೋಗುವ ಬರುವ ಎರಡೂ ಸೇರಿ ಸುಮಾರು 21 ಕಿಲೋಮೀಟರ್ ಸುರಂಗ.

ಯಂತ್ರದವರನ್ನು ಬಂಡೆಯ ಜೊತೆಗೆ ಬಾವಿಗಳೂ ಕಾಡಿದವು. ಫ್ರೇಜರ್ ಟೌನ್, ಟ್ಯಾನರಿ ರಸ್ತೆಯ ಹಳೆ ಮನೆಗಳಲ್ಲಿ ಹಿತ್ತಲಿಗೊಂದು ಬಾವಿ ಇರುತ್ತಿತ್ತು. ನಲ್ಲಿ ನೀರು ಬಂದಮೇಲೆ ಕೆಲವರು ಕಸ ತುಂಬಿದರು, ಕೆಲವರು ಮೇಲೆ ಚಪ್ಪಡಿ ಎಳೆದು ಕೋಣೆ ಕಟ್ಟಿಕೊಂಡರು. ಯಾವ ದಾಖಲೆಯಲ್ಲೂ ಅವು ಇಲ್ಲ. 2021ರಲ್ಲಿ ಟ್ಯಾನರಿ ರಸ್ತೆಯ ಒಂದು ಮನೆಯೊಳಗೆ ಇಂಥ ಹಳೆಯ ಬಾವಿ ಕುಸಿಯಿತು, ಆಗ ಕೆಳಗೆ ಮೆಟ್ರೊ ಯಂತ್ರ ಸಾಗುತ್ತಿತ್ತು. 2023ರ ಜನವರಿಯಲ್ಲಿ ಶೂಲೆ ಸರ್ಕಲ್ ಬಳಿ ಬ್ರಿಗೇಡ್ ರಸ್ತೆಯ ನಡುವೆಯೇ ಹೊಂಡ ಬಿತ್ತು, ಅದಕ್ಕೂ ಕೆಳಗಿನ ಸುರಂಗ ಕೆಲಸವೇ ಕಾರಣ. ಕೋಲ್ಕತ್ತದ ಬೌಬಜಾರಿನಲ್ಲಿ 2019ರಲ್ಲಿ ಸುರಂಗಕ್ಕೆ ನೀರು ನುಗ್ಗಿ ಮೇಲಿನ ಮನೆಗಳು ಬಿರುಕು ಬಿಟ್ಟು ಕುಸಿದದ್ದನ್ನು ನೆನೆದರೆ ನಮ್ಮಲ್ಲಿ ಅಷ್ಟಕ್ಕೇ ಮುಗಿದದ್ದು ಪುಣ್ಯ. ಮೇಲಿನ ಪ್ರತಿ ಕಟ್ಟಡಕ್ಕೂ ಬಿರುಕು ಅಳೆಯುವ ಸಾಧನ ಅಂಟಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಕಣ್ಣಿಡುವ ಕೆಲಸವೂ ಸುರಂಗದ ಖರ್ಚಿನ ಭಾಗ.

ನೀರಿನ ಕಾಟ ಕೊರೆದ ಮೇಲೂ ಮುಗಿಯುವುದಿಲ್ಲ. ಅಂತರ್ಜಲದ ಮಟ್ಟ ಮೇಲಿದ್ದರೆ ನೆಲದಡಿಯ ನಿಲ್ದಾಣಕ್ಕೆ ಇರುವ ಅಪಾಯ ಮುಳುಗುವುದಲ್ಲ, ತೇಲುವುದು. ಖಾಲಿ ಕೊಡವನ್ನು ಬಾವಿಯಲ್ಲಿ ಅಂಗೈಯಿಂದ ಒತ್ತಿ ಹಿಡಿದವರಿಗೆ ಆ ಬಲ ಗೊತ್ತು; ನಿಲ್ದಾಣವೂ ಒಳಗೆ ಗಾಳಿ ತುಂಬಿದ ಕಾಂಕ್ರೀಟ್ ಪೆಟ್ಟಿಗೆಯೇ. ಅದನ್ನು ಕೆಳಗೇ ಉಳಿಸಿಕೊಳ್ಳಲು ತಳದ ಹಾಸನ್ನು ದಪ್ಪ ಮಾಡುತ್ತಾರೆ, ಚಾವಣಿಯ ಮೇಲೆ ಮಣ್ಣಿನ ಭಾರ ಬಿಡುತ್ತಾರೆ. ನಿಲ್ದಾಣದ ಹಾಸು ಗೋಡೆಗಳು ಅಷ್ಟು ದಪ್ಪವಿರುವುದು ರೈಲಿನ ಭಾರಕ್ಕೆ ಮಾತ್ರ ಅಲ್ಲ.

ಇನ್ನು ಗಾಳಿ. ಕಬ್ಬನ್ ಪಾರ್ಕಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತರೆ ರೈಲಿನ ಬೆಳಕು ಕಾಣುವ ಮೊದಲೇ ಗಾಳಿ ಬಂದು ಸೀರೆಯ ಸೆರಗನ್ನೂ ಕೈಯಲ್ಲಿನ ಪತ್ರಿಕೆಯನ್ನೂ ಅಲುಗಿಸುತ್ತದೆ. ಸುರಂಗದ ಕೊಳವೆಯಲ್ಲಿ ಬರುವ ರೈಲು ತನ್ನ ಮುಂದಿನ ಗಾಳಿಯನ್ನು ತಳ್ಳುತ್ತಾ ಬರುವುದರಿಂದ ಹೀಗೆ. ಈ ಪುಕ್ಕಟೆ ಗಾಳಿ ಸುರಂಗವನ್ನು ತಂಪಾಗಿಡಲು ಸಹಾಯವೂ ಹೌದು, ನಿಲ್ದಾಣದ ಹವಾನಿಯಂತ್ರಣಕ್ಕೆ ಶತ್ರುವೂ ಹೌದು; ಬಿಸಿ ಗಾಳಿ ಒಳನುಗ್ಗಿ ತಂಪು ಗಾಳಿ ಸುರಂಗಕ್ಕೆ ಹೋಗುತ್ತದೆ. ಗುಲಾಬಿ ಮಾರ್ಗದ ನೆಲದಡಿಯ ನಿಲ್ದಾಣಗಳಿಗೆ ಪ್ಲಾಟ್‌ಫಾರ್ಮಿನ ಅಂಚಿನಲ್ಲೇ ಬಾಗಿಲುಗಳ ಗೋಡೆ ಕೂರಿಸಲು ನಿರ್ಧರಿಸಿದ್ದಕ್ಕೆ ಇದೂ ಒಂದು ಕಾರಣ. ಜನ ಹಳಿಗೆ ಬೀಳುವುದು ತಪ್ಪುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ. ನಮ್ಮ ಮೆಟ್ರೊಗೆ ವಿದ್ಯುತ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ತಂತಿಗೆ ಜಾಗ ಬೇಡವಾದ್ದರಿಂದ ಸುರಂಗ ಚಿಕ್ಕದಾಗುತ್ತದೆ. ಕೆಳಗೆ ಬಿದ್ದವನಿಗೆ ಅಪಾಯ ಹೆಚ್ಚಾಗುತ್ತದೆ. ಆ ಬಾಗಿಲಿನೆದುರು ನಿಲ್ಲಬೇಕಾದ ಚಾಲಕರಹಿತ ರೈಲುಗಳನ್ನು ಕಟ್ಟುವ ಗುತ್ತಿಗೆ ಸಿಕ್ಕಿದ್ದು ಇಂದಿರಾನಗರದ ಮಗ್ಗುಲಿನ ತಿಪ್ಪಸಂದ್ರದ ಬೆಮೆಲ್‌ಗೆ.

ನೆಲದಡಿಯ ನಿಲ್ದಾಣದ ಮೆಟ್ಟಿಲಿನ ಅಗಲ ನಿರ್ಧಾರವಾಗುವುದು ಬೆಂಕಿಯ ಲೆಕ್ಕದಲ್ಲಿ. ಜಗತ್ತಿನ ಹಲವೆಡೆ ಪಾಲಿಸುವ ಎನ್‌ಎಫ್‌ಪಿಎ 130 ಎಂಬ ನಿಯಮದ ಪ್ರಕಾರ ತುಂಬಿದ ಪ್ಲಾಟ್‌ಫಾರ್ಮ್ 4 ನಿಮಿಷದೊಳಗೆ ಖಾಲಿಯಾಗಬೇಕು, ಕೊನೆಯ ಮನುಷ್ಯ 6 ನಿಮಿಷದೊಳಗೆ ಸುರಕ್ಷಿತ ಜಾಗ ಮುಟ್ಟಬೇಕು. ಎಷ್ಟು ಮೆಟ್ಟಿಲು, ಎಷ್ಟು ಎಸ್ಕಲೇಟರ್, ಹೊರಬಾಗಿಲು ಎಷ್ಟು ಎಂಬುದೆಲ್ಲ ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು. ಹೊಗೆ ಎದ್ದರೆ ದೊಡ್ಡ ಫ್ಯಾನುಗಳು ಅದನ್ನು ಒಂದು ದಿಕ್ಕಿಗೆ ಎಳೆಯಬೇಕು, ಜನ ಇನ್ನೊಂದು ದಿಕ್ಕಿಗೆ ಹೋಗಬೇಕು. ಖಾಲಿ ಹೊತ್ತಿನಲ್ಲಿ ಇಷ್ಟಗಲ ಮೆಟ್ಟಿಲು ಯಾಕೆ ಎನಿಸುವುದುಂಟು.

ಆದರೆ ಒಳಗಿನ ಲೆಕ್ಕ ಎಷ್ಟೇ ಸರಿಯಿದ್ದರೂ ಬಾಗಿಲಿನಾಚೆ ಅದು ನಡೆಯುವುದಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಸೇರಿದ ಜನಸಾಗರ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಒತ್ತರಿಸಿ 11 ಜನ ಸತ್ತರು. ಆ ದಿನ ಮೆಟ್ರೊದಲ್ಲಿ 9.66 ಲಕ್ಷ ಪ್ರಯಾಣ ದಾಖಲಾಯಿತು, ಅದುವರೆಗಿನ ಗರಿಷ್ಠ. ಮಧ್ಯಾಹ್ನದ ಮೇಲೆ ರೈಲುಗಳು ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ನಿಲ್ಲದೆ ಮುಂದೆ ಹೋಗಬೇಕಾಯಿತು. ಸಾವಿರಾರು ಜನರನ್ನು ಕ್ರೀಡಾಂಗಣದ ಬಾಗಿಲಿಗೆ ತಂದು ಇಳಿಸುವ ಶಕ್ತಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದಿದೆ. ಅಷ್ಟು ಜನರನ್ನು ನಿಲ್ಲಿಸಿಕೊಳ್ಳುವ ಜಾಗ ಮೇಲಿನ ರಸ್ತೆಗಿಲ್ಲ.

ಶಿವಾಜಿನಗರದ ನಿಲ್ದಾಣದ ಬಗ್ಗೆ ಹೆಚ್ಚು ಸದ್ದು ಮಾಡಿದ್ದು ವಿನ್ಯಾಸವಲ್ಲ, ಹೆಸರು. 2025ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ಹೋಗಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ, ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಹೇಳಿದರು. ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಶಿವಾಜಿಗೆ ಅವಮಾನವೆಂದರು. ಶಂಕರನಾಗ್ ಹೆಸರಿಡಿ ಎಂದವರೂ ಇದ್ದರು. ಮೆಟ್ರೊ ಕನಸು ಕಂಡವರಲ್ಲಿ ಶಂಕರನಾಗ್ ಕೂಡ ಒಬ್ಬರು ಎಂಬುದು ಹಾಗೆಂದವರ ವಾದ. ಮೂರೂ ಕಡೆಯವರಲ್ಲಿ ಯಾರೂ ಕೇಳದ ಪ್ರಶ್ನೆ ಬಾಗಿಲುಗಳದ್ದು. ಶಿವಾಜಿನಗರ ಬಸ್ ನಿಲ್ದಾಣ, 1927ರ ರಸೆಲ್ ಮಾರುಕಟ್ಟೆ, ಬೆಸಿಲಿಕಾ, ಬೌರಿಂಗ್ ಆಸ್ಪತ್ರೆ, ಎಲ್ಲವೂ ಇಲ್ಲಿ ನಡಿಗೆಯ ದೂರದಲ್ಲಿವೆ. ಮೇಣದಬತ್ತಿ ಹಿಡಿದು ಬರುವವರು, ಹೂವಿನ ಮೂಟೆ ಹೊತ್ತವರು, ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಕಾಯುವವರು ಒಂದೇ ರಸ್ತೆ ದಾಟುತ್ತಾರೆ. ನಿಲ್ದಾಣದ ಯಾವ ಮೆಟ್ಟಿಲು ಎಲ್ಲಿ ಏಳುತ್ತದೆ, ಅಲ್ಲಿ ಆಟೊ ನಿಲ್ಲುತ್ತದೆಯೋ ಕಸದ ಲಾರಿಯೋ, ಲಿಫ್ಟಿನಿಂದ ಬಸ್ಸು ನಿಲ್ಲುವ ಜಾಗದವರೆಗೆ ಗಾಲಿಕುರ್ಚಿ ಉರುಳುತ್ತದೆಯೋ ಇಲ್ಲವೋ ಎಂಬುದು ಇವರಿಗೆಲ್ಲ ಫಲಕದ ಮೇಲಿನ ಹೆಸರಿಗಿಂತ ದೊಡ್ಡ ವಿಷಯ. ಎಂ.ಜಿ. ರಸ್ತೆಯಲ್ಲಾದರೂ ಕಾಮರಾಜ ರಸ್ತೆಯಡಿಯ ಗುಲಾಬಿ ನಿಲ್ದಾಣವನ್ನು ಮೇಲಿನ ನೇರಳೆ ಮಾರ್ಗದ ನಿಲ್ದಾಣಕ್ಕೆ ಒಳಗಿನಿಂದಲೇ ಜೋಡಿಸುವ ಯೋಜನೆಯಿದೆ. ಶಿವಾಜಿನಗರದ ಬಸ್ಸಿಗೂ ಕಂಟೋನ್ಮೆಂಟಿನ ರೈಲಿಗೂ ಅಂಥದೇ ನೆರಳಿನ ದಾರಿ ಬೇಕೆಂದು ಇಲ್ಲಿನವರು ಈಗಲೇ ಪಟ್ಟು ಹಿಡಿದು ಕೇಳಬೇಕು. ಬೇಲಿ ತೆಗೆದು ಫುಟ್‌ಪಾತ್ ಹಾಸಿದ ಮೇಲೆ ಅದನ್ನು ಇನ್ನೊಮ್ಮೆ ಅಗೆಯಲು ಯಾವ ಇಲಾಖೆಯೂ ಒಪ್ಪುವುದಿಲ್ಲ.